ನಾಲ್ಕನೆಯದಕ್ಕೂ ಹಾಗೆಯೇ

ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು. ಎರಡು ಬೆರಳ ನಡುವೆ ಇಟ್ಟು ಅಮುಕಿದರೆ ಬೇಳೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದೊಂದು ಬೇಳೆ ಹಾರಿ ಸೋಫಾದ ಕೆಳಗೆ ಹೋಗಿ ಕೂರುತ್ತಿತ್ತು. ಬಟ್ಟಲು ಅರ್ಧ ತುಂಬಿರಲಿಲ್ಲ, ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪು ಟಿಣ್ ಅಂದಿತು.

ನಮ್ಮವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅವರಿಗೆ ಶಬ್ದ ಮೊದಲು ಕೇಳುತ್ತದೆ. "ಮೇಲ್ ಬಂತು ಕಣೇ, ನೋಡು" ಅಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ನೋಡಿದೆ. ಶ್ರಾವಣದಲ್ಲಿ ನಾವಿಬ್ಬರೂ ಕೂತು ಓದಿ ಮುಗಿಸಿದ್ದ ಡ್ರೈವರಿನ ಹೆಸರು ಮೇಲುಗಡೆ ಇತ್ತು. ಕೆಳಗೆ ನಾಲ್ಕು ಸಾಲು ಕಣ್ಣಾಡಿಸುವಷ್ಟರಲ್ಲಿ ಏನೋ ತಪ್ಪಾಗಿದೆ ಅಂತ ಗೊತ್ತಾಯಿತು.

ನಾನು ಬಿ.ಕಾಂ. ಓದಿದವಳು. ಕಂಪ್ಯೂಟರಿನ ವಿಷಯ ನನಗೆ ಗೊತ್ತಿರುವುದು ಅವರು ಹೇಳಿಕೊಟ್ಟಷ್ಟೇ. ಅದನ್ನು ಹೇಳುತ್ತೇನೆ. ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಅಡಿಪಾಯವಾಗಿ ಕೂತಿರುವ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಒಂದೊಂದು ಚಿಪ್ಪಿನ ಜೊತೆ ಮಾತಾಡಲು ಅದಕ್ಕೆ ಒಬ್ಬೊಬ್ಬ ದುಭಾಷಿ ಬೇಕು, ಅವನೇ ಡ್ರೈವರ್. ನಮ್ಮವರು ನೋಡುತ್ತಿದ್ದದ್ದು ಕರೆಂಟು ಅಳೆಯುವ ಚಿಪ್ಪುಗಳ ಡ್ರೈವರುಗಳನ್ನು. ನಮ್ಮ ಗೋಡೆಯ ಮೇಲಿನ ಮೀಟರಿನ ಕೆಲಸವನ್ನೇ ಸಾಬೂದಾನಿ ಕಾಳಿನಷ್ಟು ದೊಡ್ಡ ಚಿಪ್ಪು ಮಾಡುತ್ತದಂತೆ. ಜಗತ್ತಿನ ಯಾವ ಮೂಲೆಯವರಾದರೂ ತಾವು ಬರೆದ ಡ್ರೈವರನ್ನು ಎಲ್ಲರಿಗೂ ಕಾಣುವ ಹಾಗೆ ಮೇಲಿನಲ್ಲಿ ಕಳಿಸುತ್ತಾರೆ. ಅನುಭವಸ್ಥರು ಓದಿ ತಪ್ಪು ಹುಡುಕುತ್ತಾರೆ. ತಪ್ಪಿಲ್ಲ ಅನ್ನಿಸಿದರೆ, ನಾನು ಓದಿದ್ದೇನೆ ಎಂದು ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಅದಕ್ಕೆ ಸಂಬಳವಿಲ್ಲ. ದೇವಸ್ಥಾನದಲ್ಲಿ ದೀಪಕ್ಕೆ ಎಣ್ಣೆ ನೋಡಿಕೊಂಡ ಹಾಗೆ ಒಂದು ಸೇವೆ. ಆಫೀಸಿನ ಕೆಲಸದ ಜೊತೆಗೇ ಹದಿನೈದು ವರ್ಷ ಅದನ್ನು ಮಾಡಿಕೊಂಡು ಬಂದಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ರಾಜಾಜಿನಗರದ ಕಣ್ಣಿನ ಆಸ್ಪತ್ರೆಗೆ ಎಷ್ಟು ಸಲ ಹೋದೆವೋ, ಕಣ್ಣಿನೊಳಗೇ ಸೂಜಿ ಚುಚ್ಚಿಸಿಕೊಂಡು ಪ್ರತಿ ಸಲ ಬಾಳೆಹಣ್ಣು ತಿನ್ನುತ್ತಾ ಆಟೋದಲ್ಲಿ ಬಂದೆವೋ, ಆ ದೇವರಿಗೇ ಗೊತ್ತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಬೆಳಕು, ನೆರಳು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅನ್ನುವಷ್ಟು. ಡಾಕ್ಟರು ಮೊದಲು ಇರುವುದನ್ನು ಉಳಿಸಿಕೊಳ್ಳೋಣ ಅನ್ನುತ್ತಿದ್ದರು. ಆಮೇಲೆ ಆ ಮಾತೂ ನಿಂತಿತು. ಆಫೀಸಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು.

ಉಳಿದದ್ದು ಈ ಓದುವ ಸೇವೆ ಒಂದೇ. ಓದಿ ಹೇಳುವ ಸಾಫ್ಟ್‌ವೇರನ್ನು ಹಾಕಿ ನೋಡಿದರು. ಅದು ಪ್ರತಿ ಚುಕ್ಕಿ, ಪ್ರತಿ ಗೆರೆಯನ್ನೂ ಹೆಸರಿಟ್ಟು ಕರೆಯುತ್ತಾ ಕುದುರೆಯ ಹಾಗೆ ಓಡುತ್ತಿತ್ತು. ತಲೆನೋವು ಬಂತು ಅಂತ ಆಫ್ ಮಾಡಿಸಿದರು. ಎರಡು ದಿನ ಸುಮ್ಮನೆ ಕೂತರು. ಮೂರನೆಯ ದಿನ ನಾನೇ ಕೇಳಿದೆ, ನಾನು ಓದಿದರೆ ಆಗುವುದಿಲ್ಲವಾ ಅಂತ.

ಹಾಗೆ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಕೂರುವುದು. ಬಳ್ಳಿಯಂತೆ ಬಾಗಿದ ಕಂಸ ಬಂದರೆ ನಾನು "ಬಾಗಿಲು ತೆಗಿ" ಅನ್ನಬೇಕು, ಅದು ಮುಗಿದ ಕಡೆ "ಬಾಗಿಲು ಹಾಕು". ಪದಗಳ ನಡುವೆ ಕೆಳಗೆ ಎಳೆದ ಗೆರೆ ಬಂದರೆ "ಹೊಸ್ತಿಲು". ಇಂಗ್ಲಿಷ್ ಪದಗಳನ್ನು ಇದ್ದಂತೆಯೇ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸುತ್ತಾ ಕೇಳುತ್ತಿದ್ದರು, ಜಪಕ್ಕೆ ಕೂತವರ ಹಾಗೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯ ನರ್ಸ್ ಹುಡುಗಿ ಒಂದು ದಿನ ಬಟ್ಟೆ ಒಣಗಿಸುತ್ತಾ ಮೇಲಿನಿಂದಲೇ ಕೇಳಿದಳು. "ಆಂಟಿ, ಮಧ್ಯಾಹ್ನ ಪೂರ್ತಿ ಬಾಗಿಲಾ ತೆಗಿ, ಬಾಗಿಲಾ ಹಾಕು ಅಂತಿರ್ತೀರಲ್ರಿ, ಮನಿಗೆ ಅಷ್ಟ್ ಮಂದಿ ಬರ್ತಾರೇನ್ರಿ?"

"ಬರೋರು ಬರ್ತಾರೆ ಕಣಮ್ಮಾ, ನಿನ್ ಹಾಗೆ ನೈಟ್ ಡ್ಯೂಟಿ ಮಾಡ್ಕೊಂಡು" ಅಂತ ನಮ್ಮವರು ಒಳಗಿನಿಂದಲೇ ಅಂದರು. ಎಷ್ಟೋ ದಿನಗಳ ಮೇಲೆ ಅವರು ಆಡಿದ ತಮಾಷೆಯ ಮಾತು ಅದು. ಆ ದಿನ ಸಂಜೆ ದೀಪ ಹಚ್ಚುವಾಗ ದೇವರಿಗೆ ಅದನ್ನೂ ಹೇಳಿದೆ. ದಿನಕ್ಕೆ ಒಂದಾದರೂ ಕೃಪೆಯನ್ನು ಹುಡುಕಿ ಹೇಳಿ ದೀಪ ಹಚ್ಚುವುದು ನನ್ನ ರೂಢಿ. ಕೆಲವು ದಿನ ಬಹಳ ಹುಡುಕಬೇಕಾಗುತ್ತದೆ.

ಆ ಶ್ರಾವಣದಲ್ಲಿ ಬಂದ ಡ್ರೈವರು ನಾಲ್ಕು ತಂತಿಗಳ ಕರೆಂಟನ್ನು ಒಟ್ಟಿಗೆ ಅಳೆಯುವ ಚಿಪ್ಪಿನದು. ಸುಮಾರು ಮುನ್ನೂರು ಸಾಲು. ಬರೆದವನು ಹೊಸಬ. ಮೊದಲ ಓದಿನಲ್ಲೇ ನಮ್ಮವರು ನನ್ನನ್ನು ತಡೆದು, ಆ ಸಾಲನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸಿ ಇಟ್ಟುಕೊಳ್ಳಲು ಅವನು ತೆಗೆದುಕೊಂಡ ಪಾತ್ರೆ ಚಿಕ್ಕದಾಯಿತು, ಉಕ್ಕಿ ಹೋಗುತ್ತದೆ ಅಂದರು. ಇನ್ನೊಂದು ಕಡೆ ವಿದ್ಯುತ್ತಿನ ಅಳತೆಯನ್ನು ಸಾವಿರದಿಂದ ಗುಣಿಸುವುದು ಬಿಟ್ಟು ಹೋಗಿತ್ತು, ಅದನ್ನೂ ಕಿವಿಯಲ್ಲೇ ಹಿಡಿದರು. ನಾನು ಹೆಮ್ಮೆಯಿಂದ ಟೈಪ್ ಮಾಡಿದೆ. ಹುಡುಗ ತಿದ್ದಿ ಕಳಿಸಿದ. ಮತ್ತೆ ತಪ್ಪು, ಮತ್ತೆ ತಿದ್ದಿದ. ಐದನೆಯ ಸಲ ಅವನು ಕಳಿಸಿದ್ದು ಒಂದು ಶುಕ್ರವಾರ.

ಶ್ರಾವಣ ಶುಕ್ರವಾರದ ಕಥೆ ನಮ್ಮ ಮನೆಯಲ್ಲಿ ಓದುವ ಪದ್ಧತಿ ಇದೆ. ಕಥೆಯಲ್ಲಿ ಏಳು ಸೊಸೆಯರು. ಹಿರಿಯ ಸೊಸೆ ಮಾಡಿದ್ದನ್ನೇ ಎರಡನೆಯವಳು ಮಾಡುತ್ತಾಳೆ, ಮೂರನೆಯವಳೂ ಅದನ್ನೇ. ನಮ್ಮ ಅತ್ತೆ ನನಗೆ ಹೇಳಿಕೊಟ್ಟಿದ್ದರು: ಮೊದಲನೆಯವಳದ್ದು ಪೂರ್ತಿ ಓದು, ಮಿಕ್ಕವರಿಗೆ "ಹಾಗೆಯೇ" ಅನ್ನು ಸಾಕು, ನೈವೇದ್ಯ ಆರಿಹೋಗುತ್ತೆ. ಮೂವತ್ತು ವರ್ಷ ಹಾಗೇ ಓದಿದ್ದೇನೆ. ಯಾರೂ ಆಕ್ಷೇಪಿಸಿಲ್ಲ, ದೇವರೂ ಸೇರಿ.

ಅವತ್ತು ಬೆಳಿಗ್ಗೆ ಪೂಜೆ, ಕಥೆ, ಅಡುಗೆ ಎಲ್ಲ ಮುಗಿಸಿ ಮಧ್ಯಾಹ್ನ ಕೂತಾಗ, ಅತ್ತಿಗುಪ್ಪೆಯಲ್ಲಿರುವ ತಂಗಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಬೇಕು ಅನ್ನುವುದು ತಲೆಯಲ್ಲಿತ್ತು. ಡ್ರೈವರಿನಲ್ಲಿ ನಾಲ್ಕು ತಂತಿಗೂ ಒಂದೊಂದು ಭಾಗ ಇತ್ತು, ಆರಾರು ಸಾಲಿನದು. ನಾಲ್ಕು ಸಲ ಅದನ್ನು ಪೂರ್ತಿ ಓದಿದ್ದೆ. ಐದನೆಯ ಸಲ ಮೊದಲನೆಯ ತಂತಿಯದನ್ನು ಪೂರ್ತಿ ಓದಿದೆ. ಆಮೇಲೆ ಬಾಯಿ ತಾನಾಗಿಯೇ ಹೇಳಿತು. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ, ನಾಲ್ಕನೆಯದಕ್ಕೂ ಹಾಗೆಯೇ.

ನಮ್ಮವರು ಗೆಣ್ಣು ಎಣಿಸುವುದನ್ನು ನಿಲ್ಲಿಸಿ, ಎಲ್ಲಾ ಒಂದೇನಾ ಅಂತ ಕೇಳಿದರು. ನಾನು ನೋಡಿದೆ. ನೋಡಲು ಒಂದೇ ಥರ ಇತ್ತು. ಒಂದೇ ಅಂದೆ. ಹೂಂ ಅಂದರು. ಅವರ ಹೆಸರು ಹಾಕಿ ಕಳಿಸಿ, ಸೀರೆ ಬದಲಿಸಿಕೊಂಡು ತಂಗಿಯ ಮನೆಗೆ ಹೋದೆ. ಡ್ರೈವರು ಕರ್ನಲ್ಲಿಗೆ ಸೇರಿತು.

ಅವರೆಕಾಳಿನ ದಿನ ಬಂದ ಮೇಲು ಆ ಚಿಪ್ಪನ್ನು ತಮ್ಮ ಯಂತ್ರದಲ್ಲಿ ಬಳಸಿದ್ದವರದ್ದು. ದೂರದ ಚಳಿದೇಶದ ಒಬ್ಬ ಹೆಂಗಸು ಬರೆದಿದ್ದಳು. ನಾಲ್ಕನೆಯ ತಂತಿಯಲ್ಲಿ ಕರೆಂಟು ಮಿತಿಮೀರಿದರೂ ಡ್ರೈವರು ಎಲ್ಲ ಸರಿಯಾಗಿದೆ ಅನ್ನುತ್ತಲೇ ಇತ್ತಂತೆ. ಚಿಪ್ಪು ಕೂರಿಸಿ ಪರೀಕ್ಷೆಗೆ ಇಟ್ಟಿದ್ದ ಅವರ ಬೋರ್ಡು ಸುಟ್ಟು ಕಪ್ಪಾಗಿತ್ತು. ನಾಲ್ಕನೆಯ ಭಾಗದಲ್ಲಿ, ನಾಲ್ಕನೆಯ ತಂತಿಯ ವಿಳಾಸ ಇರಬೇಕಾದ ಕಡೆ ಎರಡನೆಯದರ ವಿಳಾಸ ಇತ್ತು. ಹುಡುಗ ತಿದ್ದುವ ಅವಸರದಲ್ಲಿ ನಕಲು ಮಾಡಿ, ಒಂದು ಅಂಕಿ ಬದಲಿಸಲು ಮರೆತಿದ್ದ. ವಠಾರದ ನಾಲ್ಕನೆಯ ಮನೆಯ ಮೀಟರು ನೋಡಲು ಹೋದವನು ಎರಡನೆಯ ಮನೆಯದನ್ನೇ ಮತ್ತೆ ಬರೆದುಕೊಂಡು ಬಂದ ಹಾಗೆ. ಕೊನೆಗೆ ಒಂದು ಸಾಲು, ಮರ್ಯಾದೆಯ ಸಾಲೇ: ಇದು ಓದಿದವರ ಕಣ್ಣಿಗೆ ಹೇಗೆ ಬೀಳಲಿಲ್ಲ?

"ಏನಂತೆ?" ಅಂದರು ನಮ್ಮವರು.

ಯಾವುದೋ ಜಾಹೀರಾತು ಅನ್ನಬಹುದಿತ್ತು. ಅಳಿಸಿಬಿಟ್ಟರೆ ಅವರಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಈ ಮನೆಯಲ್ಲಿ ಏನನ್ನು ಓದಬೇಕು, ಏನನ್ನು ಬಿಡಬೇಕು ಅನ್ನುವುದು ನನ್ನೊಬ್ಬಳ ಕೈಯಲ್ಲಿತ್ತು. ಸುಳ್ಳು ಹೇಳಲು ಬಾಯಿ ತೆರೆದೂ ಇದ್ದೆ. ದೇವರ ಗೂಡಿನಲ್ಲಿ ಬೆಳಗಿನ ಹೂವು ಇನ್ನೂ ಬಾಡಿರಲಿಲ್ಲ. ಕೂತು ಓದಿದೆ. ಮೊದಲಿನಿಂದ ಕೊನೆಯವರೆಗೆ, ಆ ಕೊನೆಯ ಸಾಲನ್ನೂ, ಒಂದು ಅಕ್ಷರ ಬಿಡದೆ.

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನೇ ಬಾಯಿಬಿಟ್ಟೆ.

"ನಾಲ್ಕನೇದು ನಾನು ಓದ್ಲಿಲ್ಲ ರೀ. ಹಾಗೆಯೇ ಅಂದ್ಬಿಟ್ಟೆ."

"ನೆನಪಿದೆ" ಅಂದರು. "ನಾನೂ ಹೂಂ ಅಂದೆ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಆ ಹೆಂಗಸು ತಿದ್ದುಪಡಿಯನ್ನೂ ಜೊತೆಗೇ ಕಳಿಸಿದ್ದಳು, ಒಂದೇ ಸಾಲು. ಅದನ್ನು ಮೂರು ಸಲ ಓದಿಸಿಕೊಂಡರು. ಸರಿಯಾಗಿದೆ ಅಂದರು. ಹೆಸರು ಹಾಕಲಾ ಅಂತ ಕೇಳಿದ್ದಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದರು. ಉತ್ತರ ಬರೆದುಕೋ ಅಂದರು. ಕ್ಷಮೆ ಕೇಳಿದ ಮೇಲೆ ಅವರು ಹೇಳಿದ ವಾಕ್ಯಕ್ಕೆ ನನ್ನ ಕೈ ನಿಂತುಹೋಯಿತು. ತಮಗೆ ಮೂರು ವರ್ಷದಿಂದ ಕಣ್ಣು ಕಾಣುವುದಿಲ್ಲ, ಅದನ್ನು ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ ಅಂತ. ಅಲ್ಲಿಯ ಯಾರಿಗೂ ಅದು ಗೊತ್ತಿರಲಿಲ್ಲ. ಆ ಮೇಲುಗಳ ಲೋಕದಲ್ಲಿ ಮಾತ್ರ ಅವರು ಕಣ್ಣಿದ್ದವರಾಗಿ ಉಳಿದಿದ್ದರು.

ನನ್ನ ಹೆಂಡತಿ ಓದಿ ಹೇಳುತ್ತಾಳೆ, ಅವಳು ಒಂದು ಕಡೆ ಬಿಟ್ಟಳು ಅಂತ ಸೇರಿಸುತ್ತೇನೆ ಅಂದೆ. ನಿಜ ಅದೇ ತಾನೇ.

"ನೀನು ಓದ್ಲಿಲ್ಲ ಅಂತ ಬರೀಬೇಡ ಕಣೇ. ನಾನು ಕೇಳ್ಲಿಲ್ಲ ಅಂತ ಬರಿ. ಹೆಸರು ನಂದು ತಾನೇ ಇರೋದು."

ಹಾಗೇ ಬರೆದೆ. ಆಮೇಲೆ ಇನ್ನೊಂದು ಕೆಲಸ ಹೇಳಿದರು. ಕರ್ನಲ್ಲಿನಲ್ಲಿ ಒಂದು ದೊಡ್ಡ ಪಟ್ಟಿ ಇದೆ, ಯಾವ ಭಾಗವನ್ನು ಯಾರು ಓದುತ್ತಾರೆ ಅಂತ. ಅದರಲ್ಲಿ ಅವರ ಹೆಸರಿನ ಸಾಲು ಎಲ್ಲಿದೆ ಎಂದು ಹೇಳಿ ಹುಡುಕಿಸಿದರು. ಅದನ್ನು ಅಳಿಸು ಅಂದರು. ಬೇಡ ಅಂತ ನಾನು ಎರಡು ಸಲ ಹೇಳಿದೆ. ಇನ್ನು ಮೇಲೆ ಒಂದಕ್ಷರವೂ ಬಿಡದೆ ಓದುತ್ತೇನೆ ಅಂದೆ. ನೀನು ಓದುತ್ತೀಯ, ಓದಿದ್ದೀಯಾ ಅಂತ ನಾನು ಹೇಗೆ ನೋಡಲಿ ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕದ ಮೇಷ್ಟ್ರು ಉತ್ತರ ಹೇಳಿದ ಹಾಗೆ ಹೇಳಿದರು.

ಅಷ್ಟು ವರ್ಷ ಇದ್ದ ಸಾಲು. ಕೊನೆಯ ಅಕ್ಷರದಿಂದ ಮೊದಲಿನವರೆಗೆ ಒಂದೊಂದೇ ಅಳಿಸಿದೆ. ಒಂದೇ ಸಲ ಅಳಿಸುವ ಉಪಾಯ ನನಗೆ ಗೊತ್ತಿತ್ತು, ಕೈ ಬರಲಿಲ್ಲ. ಆಮೇಲೆ ಉತ್ತರದ ಜೊತೆ ಅದನ್ನೂ ಕಳಿಸಿದೆ.

ಊಟಕ್ಕೆ ಬೆಳಗಿನ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ತಿಂದೆವು. ಕಾಳು ಹಾಗೇ ಇತ್ತು. ಮಧ್ಯಾಹ್ನದ ಮೇಲೆ ಲ್ಯಾಪ್‌ಟಾಪು ಮತ್ತೆ ಟಿಣ್ ಅಂದಿತು. ಪಟ್ಟಿ ನೋಡಿಕೊಳ್ಳುವ ದೊಡ್ಡವರ ಉತ್ತರ. ಇಷ್ಟು ವರ್ಷದ ಸೇವೆಗೆ ವಂದನೆ, ನಿಮ್ಮ ಆರೋಗ್ಯಕ್ಕೆ ಶುಭವಾಗಲಿ, ತಿದ್ದುಪಡಿಯನ್ನು ಸೇರಿಸಿಕೊಂಡಿದ್ದೇವೆ. ಎರಡೂವರೆ ಸಾಲು. ನಾನು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಿದೆ. ಬಿಡಬೇಡಿ, ಇರಿ ಅಂತ ಎಲ್ಲೂ ಬರೆದಿರಲಿಲ್ಲ.

ಓದಿ ಹೇಳಿದೆ.

"ಅಷ್ಟೇನಾ?" ಅಂದರು. "ಎಲ್ಲಾ ಓದಿದ್ಯಾ?"

"ಎಲ್ಲಾ ಓದಿದೆ ರೀ. ಅಷ್ಟೇ ಇರೋದು."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹೆಬ್ಬೆರಳು ಗೆಣ್ಣುಗಳ ಮೇಲೆ ಒಂದು ಸುತ್ತು ಹೋಗಿ ನಿಂತಿತು. ಆ ಲ್ಯಾಪ್‌ಟಾಪನ್ನು ಅದಾದ ಮೇಲೆ ನಾವು ತೆರೆದಿರುವುದು ಗ್ಯಾಸು ಬುಕ್ ಮಾಡಲು ಮಾತ್ರ. ಮಧ್ಯಾಹ್ನದ ಹೊತ್ತು ಈಗ ಬಹಳ ಉದ್ದವಾಗಿದೆ. ಮೇಲಿನ ಮನೆಯ ಹುಡುಗಿ, ಆಂಟಿ, ಬಾಗಿಲಾ ತೆಗಿಯೋದು ಬಿಟ್ರೇನ್ರಿ ಅಂತ ಒಮ್ಮೆ ಕೇಳಿದಳು. ನಕ್ಕು ಒಳಗೆ ಬಂದೆ.

ಅವರೆಕಾಳಿನ ದಿನದ ಸಂಜೆ, ದೀಪದ ಮುಂದೆ ಏನು ಹೇಳುವುದು ಅಂತ ಅಲ್ಲೇ ಕೂತು ಯೋಚಿಸಿದೆ. ಬೋರ್ಡು ಸುಟ್ಟಿತು, ಮನುಷ್ಯರು ಯಾರೂ ಸುಟ್ಟುಕೊಳ್ಳಲಿಲ್ಲ. ಅದೊಂದು. ಅವರು ನನ್ನ ಮೇಲೆ ತಪ್ಪು ಹಾಕಲಿಲ್ಲ ಅನ್ನುವುದನ್ನು ಕೃಪೆ ಅನ್ನಲು ನಾಲಿಗೆ ಏಳಲಿಲ್ಲ, ಅದು ಬೇರೆಯೇ ಭಾರ. ಎರಡನೆಯದನ್ನು ಹುಡುಕುತ್ತಿರುವಾಗಲೇ ಹೊರಗೆ ಸಂಪಿನಲ್ಲಿ ಕಾವೇರಿ ನೀರು ಬಿದ್ದ ಸದ್ದಾಯಿತು. ಒಂದು ದಿನ ಬಿಟ್ಟು ಒಂದು ದಿನ ಬರುವ ನೀರು, ಅವತ್ತು ಹೊತ್ತಿಗೆ ಮುಂಚೆ ಬಂದಿತ್ತು. ಅದನ್ನು ಎರಡನೆಯದು ಅಂದುಕೊಂಡೆ. ಅರ್ಧ ಹಿಚುಕಿದ್ದ ಕಾಳಿನ ಬಟ್ಟಲಿಗೆ ತಟ್ಟೆ ಮುಚ್ಚಿ, ವಾಲ್ವು ತಿರುಗಿಸಲು ಹೊರಗೆ ಹೋದೆ.