ಮಂಚದ ಕೆಳಗಿನ ಅಂಟಿನುಂಡೆ

ಈಗಿನ ಬಾಣಂತಿಯರ ವಾರ್ಡುಗಳಲ್ಲಿ ಕಿಟಕಿಗೆ ಜಾಲರಿ, ನೆಲಕ್ಕೆ ಟೈಲ್ಸು, ತಿನಿಸೆಲ್ಲ ಹೊರಗೆ. ಒಳ್ಳೆಯದೇ. ಆದರೂ ಫಿನಾಯಿಲನ್ನೂ ಮೀರಿ ಮೂಗಿಗೆ ಬಡಿಯುತ್ತಿದ್ದ ಆ ಅಂಟಿನುಂಡೆಯ ವಾಸನೆ ನನಗೆ ಇವತ್ತಿಗೂ ಬೇಕೆನಿಸುತ್ತದೆ.

ನಾನು ಹೊಸದಾಗಿ ನರ್ಸ್ ಆದಾಗ ತಾವರಗೇರಾ, ಹನುಮಸಾಗರದ ಕಡೆಯಿಂದ ಹೆರಿಗೆಗೆ ಬಂದವರ ಹಿಂದೆಯೇ ಬುತ್ತಿಗಂಟೂ ಬರುತ್ತಿತ್ತು. ಕೊಬ್ಬರಿ, ಬೆಲ್ಲ, ತುಪ್ಪ, ಅಂಟು ಸೇರಿಸಿ ಕಟ್ಟಿದ ಉಂಡೆ, ಬಾಣಂತಿಯ ಸೊಂಟ ಗಟ್ಟಿಯಾಗಲಿ ಅಂತ. ಬೆಲ್ಲಕ್ಕೆ ಇರುವೆ ಬರುತ್ತವೆ, ಪಾಯಖಾನೆಯ ಜಿರಲೆಗಳೂ ಅದೇ ಮಂಚ ಹತ್ತುತ್ತವೆ. ಹಾಗಾಗಿ ಗಂಟು ಕಂಡರೆ ಹೊರಗೆ ಹಾಕಿಸಬೇಕೆಂದು ಡಾಕ್ಟರರ ಕಟ್ಟಪ್ಪಣೆ. ನಾನು ಗದರುವುದರಲ್ಲಿ ಮುಂದು, ಹಾಕಿಸುವುದರಲ್ಲಿ ಹಿಂದು. ಎಲ್ಲ ನಾಲಿಗೆಯ ಚಪಲ.

ಒಮ್ಮೆ ಆಪರೇಷನ್ ಆಗಿ ಹೆತ್ತವಳೊಬ್ಬಳ ಅತ್ತೆ ಗಂಟನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

"ಯವ್ವಾ, ಅದನ್ನ ಹೊರಗ ಒಯ್ರಿ."

"ಹೊರಗ ಇಟ್ರ ಮಂದಿ ಕಣ್ಣ ಬೀಳ್ತೈತ್ರಿ ಅಕ್ಕೋರ. ಬಾಣಂತಿ ಉಣ್ಣೂದು ಯಾರಿಗೂ ಕಾಣಬಾರದು. ಮೊದಲ ನೀವೊಂದ ಉಂಡಿ ತಿನ್ರಿ, ಎಷ್ಟ ಸೊರಗೀರಿ!"

ಒಂದಲ್ಲ, ಎರಡು ತಿಂದೆ. ಅಷ್ಟು ಛಲೋ ಉಂಡೆ ಆಮೇಲೆ ಎಲ್ಲೂ ತಿಂದಿಲ್ಲ. ಗಂಟು ಅಲ್ಲೇ ಉಳಿಯಿತು.

ಎರಡು ದಿನದ ನಂತರ ಬ್ಯಾಂಡೇಜ್ ಬಿಚ್ಚಿದರೆ ಹೊಲಿಗೆಯ ಗುಂಟ ಕೆಂಪಿರುವೆ. ಆಮೇಲೆ ಕೀವು, ಚಳಿಜ್ವರ. ಹೊಲಿಗೆ ಬಿಚ್ಚಿ ಗಾಯ ತೊಳೆಯುವಾಗ ಆಕೆ ಚೀರಿದ್ದು ವಾರ್ಡಿಗೆಲ್ಲ ಕೇಳಿತು. ಉಳಿಯುತ್ತಾಳೋ ಇಲ್ಲವೋ ಎಂದು ನನ್ನ ಜೀವ ಕೈಯಲ್ಲಿತ್ತು.

"ಈ ಗಂಟು ಇಲ್ಲಿ ಇಡಾಕ ಯಾರು ಬಿಟ್ರು?" ಡಾಕ್ಟರು ಎಲ್ಲರೆದುರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಅಕ್ಕೋರು ಬ್ಯಾಡ ಅಂದಿದ್ರು ಸಾಹೇಬ್ರ. ನಾನ ಕದ್ದು ಇಟ್ಟೀನ್ರಿ."

ನಾನು ಸುಮ್ಮನಿದ್ದೆ. ಹೊಸ ನೌಕರಿ, ಹೆದರಿಕೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಆಕೆ ಉಳಿದಳು. ಒಂದು ತಿಂಗಳು ಮಲಗಿ, ಒಂದು ಮುಂಜಾನೆ ಊರಿಗೆ ಹೊರಟಳು. ಅತ್ತೆ ಅಷ್ಟೂ ದಿನ ಕೂಸನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಬಾಗಿಲಲ್ಲಿ ಸೊಸೆ ಕೈ ಚಾಚಿದಳು.

"ಕೂಸನ್ನ ನನಗ ಕೊಡ್ರಿ ಅತ್ತಿ. ಇನ್ನ ಮ್ಯಾಲ ನೀವು ಮುಟ್ಟಬ್ಯಾಡ್ರಿ."

ಅತ್ತೆ ಕೊಟ್ಟರು. ಒಮ್ಮೆ ನನ್ನ ಕಡೆ ನೋಡಿದರು. ಸೊಸೆಯ ಹಿಂದೆ ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಗಲೂ ನಾನು ಬಾಯಿ ಬಿಡಲಿಲ್ಲ.