ಗೌಡರ ಚಪ್ಪರಕ್ಕೆ ಹನ್ನೊಂದು ಬೆನ್ನು

೧೯೪೧ನೇ ಇಸವಿ ಮೇ ೧೧, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಊರು ಅರಕಲಗೂಡು. ನನ್ನ ದಿನಚರಿಯಲ್ಲಿ ಆ ದಿನದ ಬರಹ ಹೀಗೆ ಶುರುವಾಗುತ್ತದೆ: 'ಈ ವರ್ಷದ ಹದಿನೇಳನೇ ಮದುವೆ. ಬಿಸಿಲು ಇಳಿದಿಲ್ಲ. ಮೂರನೇ ಹಾಡಿಗೆ ಜಗಳ.'

ಆಗ ನನಗೆ ಹತ್ತೊಂಬತ್ತು ವರ್ಷ. ಹೊಳೆನರಸೀಪುರದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಅದಾಗಿ ಏಳು ವರ್ಷವಾಯಿತು. ಈಗ ನಮ್ಮ ಕಡೆಯ ಬ್ಯಾಂಡ್ ಮಾಸ್ಟರುಗಳು ಎಲ್ಲಿ ಕಲಿತರು, ಎಷ್ಟು ವರ್ಷ ಬ್ಯಾಂಡು ನಡೆಸುವ ಕೋಲು ಹಿಡಿದರು, ಯಾವಾಗ ಬಿಟ್ಟರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಇದುವರೆಗೆ ಸಿಕ್ಕಿದ್ದು ನಾಲ್ವರ ವಿವರ: ಹಾಸನದವರು ಇಬ್ಬರು, ಚನ್ನರಾಯಪಟ್ಟಣದವರು ಒಬ್ಬರು, ನಾಲ್ಕನೆಯವರು ನನಗೆ ಕಲಿಸಿದ ಅಂತೋಣಪ್ಪ ಮಾಸ್ಟರು. ಮೂವರ ಪುಟ ತುಂಬಿದೆ. ಮಾಸ್ಟರ ಪುಟ ಮಾತ್ರ ಪೂರ್ತಿಯಾಗಿಲ್ಲ.

ಮಾಸ್ಟರು ಸೈನ್ಯದ ಪಲ್ಟನ್ನಿನ ಬ್ಯಾಂಡಿನಲ್ಲಿ ಹದಿನಾರು ವರ್ಷ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದಿ, ೧೯೩೪ರಲ್ಲಿ ಹೊಳೆನರಸೀಪುರಕ್ಕೆ ಬಂದವರು. ಇಬ್ಬರು ದರ್ಜಿಗಳು, ಒಬ್ಬ ಬಳೆಗಾರ, ನೇಯ್ಗೆಯವರು, ನನ್ನಂಥ ಒಕ್ಕಲು ಮನೆಯವರು, ಹೀಗೆ ಸಿಕ್ಕಿದವರನ್ನೆಲ್ಲ ಸೇರಿಸಿ ಹನ್ನೊಂದು ಜನರ ಬ್ಯಾಂಡು ಕಟ್ಟಿದರು. ಸ್ವರ ಬರೆದ ಕಾಗದ ಓದಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎಲ್ಲವೂ ಅವರ ಕೈಯಲ್ಲಿತ್ತು. ಎಡಗೈ ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು, ಒಂದು ಬೆರಳು ಎತ್ತಿದರೆ ಅದೇ ಸಾಲನ್ನು ಇನ್ನೊಮ್ಮೆ ಊದಬೇಕು, ಹುಬ್ಬು ಏರಿಸಿದರೆ ಮೆಲ್ಲಗೆ ಊದಬೇಕು. ಅದಕ್ಕೇ ಅವರು ಮೆರವಣಿಗೆಯಲ್ಲಿ ನಮ್ಮ ಕಡೆ ಮುಖ ಮಾಡಿ, ಊರ ತುಂಬ ಹಿಂದುಹಿಂದಕ್ಕೆ ನಡೆಯುತ್ತಿದ್ದರು. ದೊಡ್ಡ ಡೋಲು ಬಾರಿಸುವ ಕರೀಂ ಸಾಬರದು ಎರಡು ಕೆಲಸ, ಡೋಲು ಬಾರಿಸುವುದು ಮತ್ತು ದಾರಿ ಹೇಳುವುದು. "ಎಡಕ್ಕೆ ಮೋರಿ ಮಾಸ್ಟ್ರೇ. ಹಿಂದೆ ಎಮ್ಮೆ ಮಲಗೈತೆ." ನಾನು ಸೇರಿದ ೧೯೩೮ರಿಂದ ಆ ದಿನದವರೆಗೆ ಮಾಸ್ಟರು ಬಿದ್ದದ್ದು ಎರಡೇ ಸಲ. ಎರಡಕ್ಕೂ ನನ್ನ ದಿನಚರಿಯಲ್ಲಿ ತಾರೀಖಿದೆ.

ಆ ಮದುವೆ ಹೊಗೆಸೊಪ್ಪಿನ ವ್ಯಾಪಾರ ಮಾಡುವ ಒಬ್ಬ ದೊಡ್ಡ ಗೌಡರ ಮನೆಯದು. ಹೆಣ್ಣಿನ ತಂದೆ ಅವರು. ಸುತ್ತಲ ನಾಲ್ಕೂ ತಾಲ್ಲೂಕಿನಲ್ಲಿ ಅವರಿಗೆ ಬೀಗರು, ನೆಂಟರು. ಅವರು ಒಪ್ಪಿದ ಬ್ಯಾಂಡಿಗೆ ಆ ಮನೆಗಳೆಲ್ಲ ಬಾಗಿಲು ತೆರೆಯುತ್ತಿದ್ದವು, ಒಪ್ಪದಿದ್ದರೆ ಇಲ್ಲ. ಹೊರಡುವಾಗ ಮಾಸ್ಟರೇ ನಮಗೆ ಹೇಳಿದ್ದರು, "ಇವತ್ತು ಚೆನ್ನಾಗಿ ಊದ್ರಪ್ಪ. ಇದೊಂದು ಮನೆ ಕೆಟ್ಟರೆ ನನ್ನ ಕೋಲನ್ನ ಒಲೆಗೆ ಹಾಕ್ಬೇಕಾಗ್ತದೆ."

ಹಸೆಯ ಮೇಲೆ ಗಂಡು ಹೆಣ್ಣು ಕೂತಿದ್ದರು. ಚಪ್ಪರದ ಬಾಯಿಗೆ ಎದುರಾಗಿ, ಬೀದಿಗೆ ಬೆನ್ನು ಮಾಡಿ ನಾವು ಅರ್ಧ ವೃತ್ತವಾಗಿ ನಿಂತೆವು. ನಮ್ಮ ಎದುರು ಮಾಸ್ಟರು. ಎರಡು ಹಾಡು ಸಲೀಸಾಗಿ ಮುಗಿದವು. ಮೂರನೆಯದು ಅರ್ಧವಾಗಿತ್ತು, ಗೌಡರು ಎದ್ದು ಬಂದು ಮಾಸ್ಟರ ಭುಜ ತಟ್ಟಿದರು. ಮಾಸ್ಟರು ಮುಷ್ಟಿ ಕಟ್ಟಿದರು, ನಾವು ನಿಲ್ಲಿಸಿದೆವು.

"ಏನಯ್ಯಾ ಮಾಸ್ಟ್ರು, ಬಂದಾಗ್ಲಿಂದ ನೋಡ್ತಾ ಇವ್ನಿ. ನನ್ನ ಅಳೀಮಯ್ಯಂಗೆ ಬೆನ್ನು ತೋರ್ಸ್ಕಂಡು ನಿಂತಿದ್ದೀಯಲ್ಲ. ಈ ಕಡೀಕೆ ತಿರುಕ್ಕಂಡು ಆಡ್ಸು ನಿನ್ನ ಕಡ್ಡೀಯ."

"ಕೋಲು ನೋಡ್ಬೇಕಾದೋರು ಅವರು ಗೌಡ್ರೇ. ನೀವು ಕೇಳಿದ್ರೆ ಸಾಕು."

"ದುಡಿಯಕ್ಕೆ ಬಂದೋನು ಮನೆ ಯಜಮಾನಂಗೆ ಬೆನ್ನು ತೋರ್ಸದು ಎಲ್ಲಿ ಕಲ್ತೆ?"

"ಪಲ್ಟನ್ನಲ್ಲಿ. ಅಲ್ಲಿ ಜನರಲ್ ಸಾಹೇಬರಿಗೂ ತೋರ್ಸ್ತಿದ್ದೋ ನಾವು ಇದೇ ಬೆನ್ನು."

ಚಪ್ಪರದಲ್ಲಿ ಯಾರೋ ನಕ್ಕರು. ಗೌಡರ ಮುಖ ಕೆಂಪಾಯಿತು. ಮಾಸ್ಟರನ್ನು ಬಿಟ್ಟು ನಮ್ಮ ಕಡೆ ತಿರುಗಿ, "ಅವ್ನು ಬ್ಯಾಡ. ನೀವು ಊದ್ರಲಾ" ಎಂದರು. ಯಾರೂ ವಾದ್ಯ ಎತ್ತಲಿಲ್ಲ. ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಲೇ, ನೀನು ನಮ್ಮೋರ ಪೈಕಿ ಅಲ್ವೇನ್ಲಾ? ಬಾ, ನೀನೇ ಇಡ್ಕ ಆ ಕಡ್ಡೀಯ. ಮುಂದುಕ್ಕೂ ನೀನೇ ಮಾಸ್ಟ್ರು. ನಮ್ಮ ನೆಂಟ್ರ ಮನೆಗೆಲ್ಲ ನಿನ್ನೇ ಕರುಸ್ತೀನಿ ಕಣ."

ಆ ಕ್ಷಣ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸೆಯಾಯಿತು ಎಂದು ಅಂದೇ ದಿನಚರಿಯಲ್ಲಿ ಬರೆದಿದ್ದೇನೆ. ಮಾಸ್ಟರು ಕೋಲನ್ನು ನನ್ನ ಕಡೆ ಚಾಚಿದರು. ನಾನು ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, "ನಂಗೆ ಬರಕ್ಕಿಲ್ಲ ಸಾ. ಬಂದ್ರೂ ನಾನೂ ಇಂಗೇ ನಿಂತ್ಕತಿದ್ದೆ" ಎಂದೆ.

"ಆಗಾದ್ರೆ ಇವ್ನೇ ತಿರುಗ್ಲಿ" ಎಂದು ಗೌಡರು ಕಿರುಚಿದರು. "ಅವ್ನ ಬೆನ್ನು ನಂಗೆ ಕಾಣ್ಬಾರ್ದು. ಅವ್ನ ಮಕ ಕಾಣ್ಬೇಕು. ಅಷ್ಟೆಯ."

ಮಾಸ್ಟರು ಮೀಸೆ ಸವರಿಕೊಂಡು, "ಅಷ್ಟೇ ತಾನೆ ಗೌಡ್ರೇ?" ಎಂದು ಕೇಳಿದರು.

"ಅಷ್ಟೇ."

ಮಾಸ್ಟರು ಪಲ್ಟನ್ನಿನ ದನಿಯಲ್ಲಿ ನಮಗೆ ಹುಕುಂ ಕೊಟ್ಟರು. "ಬ್ಯಾಂಡ್, ಎಬೌಟ್ ಟರ್ನ್."

ಹನ್ನೊಂದು ಜನರೂ ಒಟ್ಟಿಗೆ ಗಿರಕ್ಕನೆ ತಿರುಗಿದೆವು. ಈಗ ನಮ್ಮ ಮುಖ ಬೀದಿಗೆ, ಬೆನ್ನು ಹಸೆಗೆ. ಮಾಸ್ಟರು ಸಾಲನ್ನು ಸುತ್ತಿ ಬೀದಿಯ ಕಡೆಗೆ ಬಂದು ನಮ್ಮೆದುರು ನಿಂತರು. ನಮ್ಮ ತಲೆಗಳ ಮೇಲಿಂದ ಗೌಡರನ್ನು ನೋಡಿ, "ನನ್ನ ಮುಖ ಕಾಣ್ತಾ ಐತಾ ಗೌಡ್ರೇ?" ಎಂದು ಕೇಳಿ, ಕೋಲು ಎತ್ತಿಯೇ ಬಿಟ್ಟರು.

ವಾದ್ಯಗಳ ಬಾಯೆಲ್ಲ ಬೀದಿಗೆ ತಿರುಗಿದ್ದವಲ್ಲ, ಹಾಡೂ ಬೀದಿಗೇ ಹೋಯಿತು. ಗಾಡಿಗಳು ನಿಂತವು. ಚಪ್ಪರದಲ್ಲಿ ಕೂತವರಿಗೆ ಡೋಲಿನ ಸದ್ದು ಬಿಟ್ಟರೆ ಬೇರೇನೂ ಸರಿಯಾಗಿ ಕೇಳದು. ಮೊದಲು ಮಕ್ಕಳು ಓಡಿ ಬಂದರು. ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಎದ್ದು ಬಂದು ಮಾಸ್ಟರ ಹಿಂದೆ ಬೀದಿಯಲ್ಲಿ ನಿಂತರು. ನಾಲ್ಕನೇ ಹಾಡಿನ ಹೊತ್ತಿಗೆ ನಾನು ಊದುತ್ತಲೇ ಲೆಕ್ಕ ಹಾಕಿದೆ, ಅರವತ್ತಕ್ಕೆ ಕಡಿಮೆಯಿರಲಿಲ್ಲ. ಐದನೇ ಹಾಡು ಶುರುವಾದಾಗ ಮದುಮಗನೂ ಬಾಸಿಂಗ ಸರಿಮಾಡಿಕೊಳ್ಳುತ್ತ ಅವರ ನಡುವೆ ಬಂದು ನಿಂತಿದ್ದ.

ಗೌಡರ ತಾಯಿ ಹಣ್ಣುಹಣ್ಣು ಮುದುಕಿ, ಹಸೆಯ ಪಕ್ಕದಿಂದ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು. "ಹನ್ನೊಂದು ಬೆನ್ನು ನೋಡಕ್ಕಿಂತ ಆ ಒಂದು ಬೆನ್ನೇ ಎಷ್ಟೋ ವಾಸಿಯಾಗಿತ್ತಲ್ಲೋ ಮಗ." ಕರೀಂ ಸಾಬರು ನಗು ತಡೆಯಲಾರದೆ ಎರಡು ಪೆಟ್ಟು ತಪ್ಪಿಸಿದರು. ಆ ದಿನ ನಮ್ಮಿಂದ ತಪ್ಪಿದ್ದು ಆ ಎರಡೇ.

ಹೊರಡುವಾಗ ಗೌಡರು ಎದುರು ಬಂದು ನಿಂತರು. "ಇನ್ನು ಮ್ಯಾಲೆ ನನ್ನ ನೆಂಟ್ರ ಚಪ್ಪರದಲ್ಲಿ ನಿನ್ನ ಕಡ್ಡಿ ಕಾಣ್ಬಾರ್ದು."

"ಕಾಣ್ದಂಗೆ ಆಡ್ಸಕ್ಕೆ ನಂಗೆ ಬರಕ್ಕಿಲ್ಲ ಗೌಡ್ರೇ" ಎಂದರು ಮಾಸ್ಟರು.

ಗೌಡರು ಆಡಿದಂತೆಯೇ ನಡೆದರು. ಆ ವರ್ಷ ಇನ್ನೂ ಒಂಬತ್ತು ಮದುವೆಗೆ ಮುಂಗಡದ ವೀಳ್ಯ ಬಂದಿತ್ತು, ಐದು ಕೈಬಿಟ್ಟವು. ಶಾಂತಿಗ್ರಾಮದ ಒಂದು ಮನೆಯವರು, ಮಾಸ್ಟರು ಜನರ ಕಡೆ ಮುಖ ಮಾಡುವುದಾದರೆ ಬರಲಿ ಎಂದು ಹೇಳಿ ಕಳಿಸಿದರು. ಮಾಸ್ಟರು ಹೋಗಲಿಲ್ಲ. ಮಾರನೇ ವರ್ಷ ನಾನು ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ನೋಡಿದೆ, ನನ್ನ ಪುಸ್ತಕದ ಆ ಮೂವರು ಮಾಸ್ಟರುಗಳೂ ನೆಂಟರ ಕಡೆ ತಿರುಗಿ ಕೋಲು ಆಡಿಸುತ್ತಿದ್ದರು. ಬ್ಯಾಂಡಿನವರು ಡೋಲನ್ನು ನಂಬಿ ತಮ್ಮ ಪಾಡಿಗೆ ಊದುತ್ತಿದ್ದರು. ಅವರನ್ನು ನಾನು ಬೈಯುವುದಿಲ್ಲ. ಅವರ ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ.

ಕರೆಯುವವರು ಕಡಿಮೆಯಾಗುತ್ತ ಹೋಗಿ ನಮ್ಮ ಬ್ಯಾಂಡು ೧೯೪೪ರಲ್ಲಿ ಚದುರಿತು. ಮಾಸ್ಟರು ಕಾರ್ನೆಟ್ಟನ್ನೂ ಕೋಲನ್ನೂ ಒಂದೇ ಚೀಲದಲ್ಲಿ ಸುತ್ತಿಕೊಂಡು ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಅರಸೀಕೆರೆಯ ಕಡೆಯ ರೈಲು ಹತ್ತಿದರು. "ಎಲ್ಲಿಗೆ ಮಾಸ್ಟ್ರೇ?" ಎಂದು ಕೇಳಿದೆ. "ಹನ್ನೊಂದು ಜನ ಸಿಕ್ಕೋ ಊರಿಗೆ" ಎಂದರು.

ಎರಡು ವರ್ಷದಿಂದ ಹಾಸನದಲ್ಲಿ ನಾನೇ ಏಳು ಜನರನ್ನು ಕಟ್ಟಿಕೊಂಡು ಕೋಲು ಹಿಡಿದಿದ್ದೇನೆ. ಯಾರ ಚಪ್ಪರವಾದರೂ ಸರಿ, ನಿಲ್ಲುವುದು ಬ್ಯಾಂಡಿನ ಕಡೆ ಮುಖ ಮಾಡಿಯೇ. ಹಾಗೆಂದು ವೀಳ್ಯ ತೆಗೆದುಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಬೇಡವೆಂದವರು ಇದುವರೆಗೆ ಹದಿನಾಲ್ಕು ಮನೆಯವರು. ಮೆರವಣಿಗೆಯಲ್ಲಿ ಹಿಂದುಹಿಂದಕ್ಕೆ ನಡೆದು ಬಿದ್ದದ್ದು ಐದು ಸಲ. ಅಷ್ಟು ಸಲವೂ ಎದ್ದು ಮತ್ತೆ ಹಿಂದಕ್ಕೇ ನಡೆದಿದ್ದೇನೆ.

ಮಾಸ್ಟರ ಪುಟ ೧೯೪೪ಕ್ಕೆ ನಿಂತಿದೆ. ಎತ್ತರದ ಆಳು, ಬಿಳಿ ಮೀಸೆ, ಬಲ ಕಿವಿ ಸ್ವಲ್ಪ ಮಂದ. ಓದುಗರಲ್ಲಿ ಯಾರಾದರೂ ಆಮೇಲೆ ಅವರನ್ನು ಕಂಡಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಊರು, ತಾರೀಖು ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೆ, ಅವರು ಯಾವ ಕಡೆ ಮುಖ ಮಾಡಿ ನಿಂತಿದ್ದರು ಎಂಬುದಷ್ಟನ್ನಾದರೂ ಬರೆಯಿರಿ.