ಮುಂದಿನ ಲೋಟಕ್ಕೆ ಬೆಲ್ಲವಿಲ್ಲ

ಕುಂದೂರು ಹೋಬಳಿಯಲ್ಲಿ ವಿಶಾಲಮ್ಮನ ಕಡುಬು ತಿಂದವರೂ ಬಹಳ, ಬೈಗುಳ ತಿಂದವರೂ ಬಹಳ. ಎರಡನ್ನೂ ಆಕೆ ಬಿಸಿಬಿಸಿಯಾಗಿಯೇ ಬಡಿಸುತ್ತಿದ್ದಳು. ಕೈ ಧಾರಾಳ, ಮನಸ್ಸು ಬೆಣ್ಣೆ. ನಾಲಿಗೆ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಆಕೆಯ ಮಾತನ್ನೂ.

ಆ ನಾಲಿಗೆಗೆ ಒಂಬತ್ತು ವರ್ಷದ ಹಿಂದೆ ಆಕೆಯೇ ಒಂದು ಶಿಕ್ಷೆ ಗೊತ್ತುಮಾಡಿಕೊಂಡಳು. ಬಿರುಸು ಮಾತೊಂದು ಜಾರಿತೋ, ಮುಂದಿನ ಲೋಟದ ಕಾಫಿಗೆ ಬೆಲ್ಲವಿಲ್ಲ. ಗಂಡ ಶಾಂತಮಲ್ಲಪ್ಪ ತೋಟದಿಂದ ಬಂದಾಗ ಹೆಂಡತಿ ಹುಬ್ಬು ಗಂಟಿಕ್ಕಿಕೊಂಡು ಕಾಫಿ ಕುಡಿಯುತ್ತಿದ್ದರೆ, ಇವತ್ತು ಯಾರ ಸರದಿ ಎಂದು ಕೇಳುತ್ತಿದ್ದ.

ಶಿಕ್ಷೆಗೆ ಕಾರಣ ನಾದಿನಿ ನೇತ್ರಾವತಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅತ್ತಿಗೆಯ ಜೊತೆ ಹನ್ನೊಂದು ವರ್ಷ ಇದ್ದಳು. ಎಂಥ ವರ್ಷಗಳು ಅವು! ಒಂದೇ ಸಾಲಿನಲ್ಲಿ ನಿಂತು ಕಾಫಿ ಕುಯ್ಯುತ್ತಿದ್ದರು, ಒಂದೇ ಕೊಡೆಯಲ್ಲಿ ಸಂತೆಗೆ ಹೋಗುತ್ತಿದ್ದರು, ಕಣದಲ್ಲಿ ಹರವಿದ ಕಾಫಿಯನ್ನು ಕಾಲಿನಲ್ಲಿ ಕೆದಕುತ್ತ ಊರ ಸುದ್ದಿಯನ್ನೆಲ್ಲ ಜೊತೆಗೇ ಒಣಗಿಸುತ್ತಿದ್ದರು. ವಿಶಾಲಮ್ಮ ಬೈದರೆ ನೇತ್ರಾವತಿ ನಗುತ್ತಿದ್ದಳು. ಆ ನಗು ಇದ್ದಷ್ಟು ಕಾಲ ಆ ಮನೆಯ ಬೈಗುಳ ಬೈಗುಳದ ಹಾಗೆ ಕೇಳಿಸುತ್ತಲೇ ಇರಲಿಲ್ಲ.

ಒಂದು ಜನವರಿ ಮಧ್ಯಾಹ್ನ ಕಣ ಕಾಯಲು ಕೂತ ನೇತ್ರಾವತಿಗೆ ಜೊಂಪು ಹತ್ತಿತು. ಅಕಾಲದ ಮಳೆ ಬಂತು. ಟಾರ್ಪಾಲು ಮುಚ್ಚುವಷ್ಟರಲ್ಲಿ ಅರ್ಧ ಕಾಫಿ ನೆನೆದುಹೋಗಿತ್ತು.

"ತವರಲ್ಲಿ ಕೂತು ಉಣ್ಣೋರಿಗೆ ಕಾಫಿ ನೆಂದ್ರೇನು, ಕೊಚ್ಕೊಂಡ್ ಹೋದ್ರೇನು?" ಎಂದುಬಿಟ್ಟಳು ವಿಶಾಲಮ್ಮ.

ಅವತ್ತು ನೇತ್ರಾವತಿ ನಗಲಿಲ್ಲ. ನೆಂದ ಕಾಫಿಯನ್ನೆಲ್ಲ ಮತ್ತೆ ಹರವಿ, ಒಣಗುವವರೆಗೂ ಕಾದು, ಆಮೇಲೆ ಬಾಳ್ಳುಪೇಟೆಗೆ ಹೋಗಿ ಕೋಣೆ ಹಿಡಿದು ಹೊಲಿಗೆ ಮಿಷನ್ ಇಟ್ಟಳು.

ವಿಶಾಲಮ್ಮ ಹಿಂದೆಯೇ ಹೋಗಿ ಕೈ ಹಿಡಿದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಟಗಾತಿ. ಇದೇ ನಾಲಿಗೆ ಹೊತ್ತುಕೊಂಡು ಹೋದರೆ ನಾಳೆ ಮತ್ತೆ ಅದೇ ಹಾಡು. ಒಂದು ತಿಂಗಳು ಪೂರ್ತಿ ಬೆಲ್ಲದ ಕಾಫಿಯನ್ನೇ ಕುಡಿದು, ಆಮೇಲೆ ಅವಳ ಬಾಗಿಲಿಗೆ ಹೋಗುತ್ತೇನೆ ಎಂದು ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ ಮನಸ್ಸಿನಲ್ಲೇ ಸಂಕಲ್ಪ ಮಾಡಿದಳು. ಮೊದಲ ವರ್ಷ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದದ್ದೇ ಅಪರೂಪ. ಬರುಬರುತ್ತ ವಾರಕ್ಕೆ ನಾಲ್ಕು ದಿನ ಸಿಹಿಯಾಯಿತು. ಅಮ್ಮನಿಗೆ ಹುಷಾರಿಲ್ಲವೇನೋ ಎಂದು ತೋಟದ ಆಳುಗಳು ವಿಚಾರಿಸುವಷ್ಟು ಮೆತ್ತಗಾದಳು. ತಿಂಗಳು ಮಾತ್ರ ತುಂಬಲೇ ಇಲ್ಲ.

ಈ ವರ್ಷ ಒಮ್ಮೆ ಇಪ್ಪತ್ತಾರು ದಿನ ತುಂಬಿತು. ಅವತ್ತೇ ಶಾಂತಮಲ್ಲಪ್ಪ ಬಾಳ್ಳುಪೇಟೆಯಿಂದ ಸುದ್ದಿ ತಂದ. ತಂಗಿಯ ಕಣ್ಣಿಗೆ ಪೊರೆ ಬಂದಿದೆ, ಸೂಜಿಗೆ ದಾರ ಪೋಣಿಸಲಾಗದೆ ಮಿಷನ್ ಮಾರಿದ್ದಾಳೆ, ಮನೆಗೆ ಬಾ ಎಂದರೆ ಅತ್ತಿಗೆ ಕರೆದಿಲ್ಲವಲ್ಲ ಅನ್ನುತ್ತಾಳೆ. ತನ್ನ ಸಂಕಲ್ಪ ಹೇಳಿ, ಇನ್ನು ನಾಲ್ಕೇ ದಿನ ಉಳಿದಿದೆ ಎಂದಳು ವಿಶಾಲಮ್ಮ.

"ನಿನ್ನ ನಾಲಿಗೆ ಪಾಸಾಗೋವರ್ಗೂ ಅವಳ ಕಣ್ಣು ಕಾಯ್ತೈತಾ ಮಾರಾಯ್ತಿ?"

ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಬೆಳಗ್ಗೆ ಬಸ್ಸು ಹತ್ತಿದಳು. ಕಂಡಕ್ಟರು ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸಿ ಎಂದ, ಚೀಲದಲ್ಲಿ ಹುಡುಕುತ್ತಿದ್ದರೆ ಬೇಗ ಬೇಗ ಎಂದ. ನಿಮ್ಮಪ್ಪನ ಮನೆ ಗಂಟೇನಾದರೂ ಹೋಗುತ್ತದೆಯೇ ಎಂದು ಕೇಳಿಯೇಬಿಟ್ಟಳು ವಿಶಾಲಮ್ಮ. ಇಪ್ಪತ್ತೇಳನೆಯ ದಿನ ಅಲ್ಲಿಗೆ ಹಾಳಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಹೋಗೋಣವೆಂದು ಎದ್ದು ನಿಂತಳು. ತಂಗಿಯ ಕಣ್ಣಿನ ವಿಚಾರ ಹೇಳುವಾಗ ಗಂಡನ ಮುಖ ಹೇಗಿತ್ತೆಂಬುದು ನೆನಪಾಗಿ ಮತ್ತೆ ಕೂತಳು.

ಬಾಗಿಲು ತೆಗೆದ ನೇತ್ರಾವತಿಗೆ ಎದುರು ನಿಂತವರು ಯಾರೆಂದು ತಿಳಿಯಲಿಲ್ಲ. ನೇತ್ರಾ ಎಂದು ಕರೆದ ದನಿ ಕೇಳಿದ ಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕಾಫಿಗೆ ನೀರಿಟ್ಟಳು. ತನಗೆ ಬೆಲ್ಲ ಬೇಡವೆಂದಳು ವಿಶಾಲಮ್ಮ. ಯಾಕೆಂದು ಕೇಳಿದ್ದಕ್ಕೆ ಒಂಬತ್ತು ವರ್ಷದ್ದನ್ನೆಲ್ಲ ಹೇಳಿದಳು, ಕಂಡಕ್ಟರನ್ನೂ ಬಿಡದೆ.

ನೇತ್ರಾವತಿ ಒಲೆಯ ಉರಿ ತಗ್ಗಿಸಿದಳು. "ಬಾಗಿಲ ಕಡೆ ಮುಖ ಮಾಡೇ ಮಿಷನ್ ತುಳ್ದಿದೀನಿ ಅತ್ತಿಗೆ. ಬೈಕೊಂಡಾದ್ರೂ ಬರಬಾರ್ದಾಗಿತ್ತಾ?"

ವಿಶಾಲಮ್ಮನಿಗೆ ಅಳು ಉಕ್ಕಿಬಂತು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ನೇತ್ರಾವತಿ ಡಬ್ಬಿ ತಡಕಾಡಿ ಬೆಲ್ಲ ಹಾಕಿ ಲೋಟ ಕೈಗಿಟ್ಟಿದ್ದಳು. ಒಂದು ಗುಟುಕು ಕುಡಿದದ್ದೇ ವಿಶಾಲಮ್ಮನ ಬಾಯಿಂದ ಬಂತು:

"ಎಷ್ಟು ಬೆಲ್ಲ ಸುರ್ದಿದೀಯೇ, ಕಣ್ಣು ಕಾಣ್ಸಲ್ವಾ?"

ತುಟಿ ಕಚ್ಚಿಕೊಂಡಳು.

"ಕಾಣ್ಸಲ್ಲ ಕಣತ್ತಿಗೆ," ಎಂದು ನೇತ್ರಾವತಿ ನಕ್ಕಳು. ಕಣದಲ್ಲಿ ಕಾಫಿ ಕೆದಕುವಾಗ ನಗುತ್ತಿದ್ದಳಲ್ಲ, ಅದೇ ನಗು.

ಮುಂದಿನ ಲೋಟಕ್ಕೆ ಬೆಲ್ಲವಿಲ್ಲ ಎಂದು ವಿಶಾಲಮ್ಮ ಮನಸ್ಸಿನಲ್ಲೇ ಅಂದುಕೊಂಡು, ಈ ಲೋಟವನ್ನು ತಳದವರೆಗೂ ಕುಡಿದಳು. ಆಮೇಲೆ ಎದ್ದು ನಾದಿನಿಯ ಸೀರೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬತೊಡಗಿದಳು.